ಆಪರೇಷನ್ ಥಿಯೇಟರ್‌ನಲ್ಲಿ ಪ್ರಾಕ್ಸಿ ಹಾಕಿದ ಡಾಕ್ಟ್ರು

ಡಾಕ್ಟರ್ ಚಂಗಪ್ಪ ಅವರಿಗೆ ರುದ್ರಮುನಿ ಮುಖ ಕಂಡ್ರೆ ಸಾಕು... ಬಿಪಿ ಸರ್ರಂತ ಏರೋದು.

ಡಾಕ್ಟ್ರು ಕ್ಯಾನ್ಸರ್ ಸರ್ಜನ್. ಕೈಗೆ ಚಾಕು ಬಂದ್ರೆ ಫುಲ್ ಮಾಸ್ ಹೀರೋ! ಗಡ್ಡೆ ತೆಗೆದು, ಹೊಲಿಗೆ ಹಾಕೋಕೆ ಮುಂಚೆನೇ ಅದೇ ಜಾಗಕ್ಕೆ ರೇಡಿಯೇಷನ್ ಕೊಡಿಸೋರು.

ಆಗ ಪೇಷಂಟ್ ಬಿಟ್ಟು ಎಲ್ಲರೂ ಹೊರಗೆ ಬರಬೇಕು. ಒಳಗೆ ಉಳಿದ್ರೆ ಅವರಿಗೂ ತಾಗುತ್ತೆ... ಆ ಕಿರಣಕ್ಕೆ ಮುಖ ನೋಡಿ ಬಿಡೋ ಬುದ್ಧಿ ಇಲ್ಲ.

ಈ ರುದ್ರಮುನಿ ರೇಡಿಯೇಷನ್ ಸೇಫ್ಟಿ ಆಫೀಸರ್. ಪ್ರತಿ ಸಲ ಬಾಗಿಲ ಹತ್ರ ಹಾಜರಿ! ಅವರವರ ಹೆಸರು ಅವರವರ ಬಾಯಲ್ಲೇ ಬರಬೇಕು. ಆಮೇಲೇ ಮಷಿನ್ ಆನ್.

ಅವತ್ತು ಒಳಗೆ ಹೊಟ್ಟೆ ತೆರೆದ ಪೇಷಂಟ್... ಹೊರಗೆ ಈ ಆಸಾಮಿ ಪಟ್ಟಿ.

"ಸರ್, ನಿಮ್ಮ ಹೆಸರು?"

"ರೀ, ಹದಿನಾಲ್ಕು ವರ್ಷದಿಂದ ಇಲ್ಲೇ ಇದೀನಿ! ಈ ಮುಖ ಗುರುತು ಸಿಗಲ್ವಾ?"

"ಮುಖ ಗೊತ್ತು ಸರ್. ಹೆಸರು?"

"ಚಂಗಪ್ಪ!! ಸಾಕಾ? ಅಪ್ಪನ ಹೆಸರೂ ಬೇಕಾ?"

ಅನಸ್ತೇಷಿಯಾ ಡಾಕ್ಟ್ರು ಹೇಳಿದ್ರು. ಟೆಕ್ನಿಷಿಯನ್ ಹೇಳಿದ.

"ಸಿಸ್ಟರ್ ಲವೀನಾ?"

ಸದ್ದಿಲ್ಲ...

ಡಾಕ್ಟ್ರ ತಾಳ್ಮೆ ಢಮಾರ್! "ನನ್ನ ಹಿಂದೇನೇ ಬಂದ್ಲು ಕಣ್ರೀ! ಬರ್ಕೊಳ್ಳಿ, ಲವೀನಾ ಪ್ರೆಸೆಂಟ್. ಆನ್ ಮಾಡ್ರೀ!"

"ಸರ್, ಇದು ಕಾಲೇಜಲ್ಲ. ಪ್ರಾಕ್ಸಿ ನಡೆಯಲ್ಲ."

"ನನ್ನ ಪೇಷಂಟ್‌ಗೆ ಏನಾದ್ರೂ ಆಗ್ಲಿ... ನಿನ್ನ ಸುಮ್ನೆ ಬಿಡಲ್ಲ!"

ರುದ್ರಮುನಿ ಹೋಗಿ ಬಾಗಿಲು ತೆಗೆದ.

ಒಳಗೆ... ಟೇಬಲ್ ಕೆಳಗೆ ಬಗ್ಗಿ ಕೂತು, ಸಿಕ್ಕಾಕ್ಕೊಂಡಿದ್ದ ಟ್ಯೂಬ್ ಬಿಡಿಸ್ತಾ ಇದ್ಲು ಲವೀನಾ!

ಬಾಗಿಲ ತನಕ ಬಂದೋಳು, ಅದು ಕಣ್ಣಿಗೆ ಬಿದ್ದು ವಾಪಸ್ ಹೋಗಿದ್ಲು. ಟೇಬಲ್ ಮರೆಯಾಗಿ ಥಿಯೇಟರ್ ಒಳಗಿನ ಕ್ಯಾಮೆರಾಗೂ ಕಂಡಿರಲಿಲ್ಲ.

ಹೊರಗೆ ಬಂದ್ಲು. ಕೈ ಹೊಟ್ಟೆ ಮೇಲೆ... ಕಣ್ತುಂಬ ನೀರು.

"ಸರ್... ನಂಗೀಗ ಎರಡು ತಿಂಗಳು. ಮೂರು ತುಂಬೋ ತನಕ ಯಾರಿಗೂ ಹೇಳ್ಬೇಡ ಅಂದಿದ್ರು ನಮ್ಮತ್ತೆ..."

ಡಾಕ್ಟ್ರು ಗೋಡೆ ಹಿಡ್ಕೊಂಡ್ರು.

"ರುದ್ರಮುನಿ... ಬೈಯಪ್ಪಾ ನಂಗೆ. ಬಾಯಿಗೆ ಬಂದಂಗೆ ಬೈ."

"ಬೈಯೋಕೆ ಟೈಮಿಲ್ಲ ಸರ್, ಒಳಗೆ ಪೇಷಂಟ್ ಇದಾರೆ. ಸಿಸ್ಟರ್, ನಾಳೆಯಿಂದ ನಿಮಗೆ ಬೇರೆ ವಾರ್ಡು. ಈಗ... ಹೆಸರು ಹೇಳಿ."

ನಮ್ಮನ್ನ ಕಾಯೋರು ಎಷ್ಟೋ ಸಲ ನಮ್ಮ ತಲೆ ತಿನ್ನೋರ ಥರಾನೇ ಕಾಣ್ತಾರೆ.

ಇವತ್ತು ನೀವು "ಥೂ, ಏನ್ ಇವನ ಕಾಟ" ಅಂತ ಬೈಕೊಂಡಿದ್ದು ಯಾರನ್ನ?