ನೆಲಕ್ಕೆ ಬಿದ್ದ ಎಲಚಿಹಣ್ಣು

ಹಾಸಿನಿಯ ಬಾಯಿಗೆ ಹೋಗುತ್ತಿದ್ದ ಎಲಚಿಹಣ್ಣು ಹಾರಿಬೀಳುವಂತೆ ಆಶಾರಾಣಿ ಅವಳ ಕೈಗೆ ಹೊಡೆದಳು. ಮೂರು ವರ್ಷದ ಕೂಸು, ಓರಗಿತ್ತಿ ಮೇಘನಳ ಮಗಳು, ಕಿಟಾರನೆ ಕಿರುಚಿತು. ಎರಡು ವರ್ಷದ ಹಿಂದೆ ಮನೆ ಪಾಲಾದ ಮೇಲೆ ಅಂಗಳವೊಂದೇ, ಬಾಗಿಲು ಎರಡು. ಮಗು ಕರೆಯದೆಯೇ ಬಂದಿತ್ತು.

ಭೋಗಿಯ ಸಂಜೆ. ದೃಷ್ಟಿ ಹೋಗಲೆಂದು ಆಶಾರಾಣಿ ಈಗಷ್ಟೇ ತನ್ನ ಮಗನ ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ಚೂರು ಸುರಿದಿದ್ದಳು. ಹಾಗೆ ಬಿದ್ದ ಹಣ್ಣಿಗೆ ದೃಷ್ಟಿ ಅಂಟಿರುತ್ತದೆ, ಯಾರೂ ತಿನ್ನಬಾರದು. ಮಾಲೂರಿನ ಕಡೆಯಿಂದ ಬಂದ ಮೇಘನಳಿಗೆ ಅದು ಗೊತ್ತಿರಲಿಲ್ಲ.

"ಒಂದು ಹಣ್ಣಿಗೆ ಮಗೂನ ಹೊಡೀತೀಯೇನಕ್ಕ? ಅಷ್ಟು ಗತಿಗೆಟ್ಟು ಹೋದ್ರಾ?" ಮೇಘನ ಓಡಿಬಂದಳು.

"ಅದಲ್ಲ ಕಣೇ, ಆ ಹಣ್ಣು..." ಎಂದ ಅತ್ತೆ ಮುನಿಗಂಗಮ್ಮನನ್ನು ಆಶಾರಾಣಿ ಕಣ್ಣಲ್ಲೇ ತಡೆದಳು. ನಿನ್ನ ಮಗಳ ಒಳ್ಳೆಯದಕ್ಕೇ ಹೊಡೆದೆ ಎಂದು ಇವಳೆದುರು ಒಪ್ಪಿಕೊಳ್ಳುವುದೇ?

"ಹೌದು, ಹೊಡೆದೆ. ನಿನ್ನ ಮಗೂನ ನಿನ್ನ ಹೊಸಿಲೊಳಗೆ ಇಟ್ಕೊ."

ಮೇಘನ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ದಡದಡನೆ ನಡೆದಳು. ಆಗ ಆಶಾರಾಣಿಗೆ ಕಂಡಿತು: ತಾಯಿಯ ಬೆನ್ನ ಮೇಲೆ ಜೋತಾಡುತ್ತಿದ್ದ ಆ ಪುಟ್ಟ ಕೈಯ ಮುಷ್ಟಿ ಬಿಗಿದಿತ್ತು, ಬೆರಳ ಸಂದಿಯಲ್ಲಿ ಇನ್ನೊಂದು ಹಣ್ಣು. ಎರಡು ವರ್ಷದಿಂದ ನಾಲಿಗೆಗೆ ಬಾರದ ಮೇಘನಳ ಹೆಸರನ್ನು ಅವಳು ಕೂಗುವ ಹೊತ್ತಿಗೆ ಆಚೆ ಬಾಗಿಲಿನ ಚಿಲಕ ಬಿದ್ದಿತ್ತು.