ಕಚ್ಚಿದ ಗುರುತು

ಮಗಳು ಬೇಡ ಬೇಡ ಅನ್ನುತ್ತಿದ್ದಂತೆಯೇ ಅಪ್ಪ ಅವಳ ಮುಂಗೈಯ ಪಟ್ಟಿಯನ್ನು ಬಿಚ್ಚಿಬಿಟ್ಟ.

ಸುಟ್ಟ ಗಾಯ ಎಂದು ತಾಯಿ ಮಗಳು ಇಬ್ಬರೂ ಒಂದೇ ರಾಗ ಹಾಡಿದ್ದರು. ಸುಟ್ಟ ಗಾಯವೆಲ್ಲಿ ಬಂತು! ನೀಲಿಗಟ್ಟಿದ ಅರ್ಧಚಂದ್ರ, ಅದರಲ್ಲಿ ಒಂದೊಂದು ಹಲ್ಲಿನ ಗುರುತೂ ಬೇರೆ ಬೇರೆ. ಜೀವಮಾನವಿಡೀ ಹಲ್ಲಿನ ಸೆಟ್ಟು ಕಟ್ಟಿ ಬದುಕಿದವನಿಗೆ ಇಂಥದ್ದರಲ್ಲಿ ಯಾರೂ ಟೋಪಿ ಹಾಕುವಂತಿರಲಿಲ್ಲ.

"ಕಚ್ಚಿದ್ದಾನೆ," ಅಂದ. "ನಿನ್ನ ಗಂಡ ತಾನೇ?"

ಮಗಳು ಅಪ್ಪನ ಮುಖವನ್ನೇ ನೋಡಿದಳು. "ಅವರು ಬೇಕಂತ ಮಾಡಿದ್ದಲ್ಲಪ್ಪ. ಸಿಟ್ಟು ಬಂದ್ರೆ ಎದುರಿಗಿರೋದು ಯಾರು ಅಂತಾನೇ ಅವರಿಗೆ ಗೊತ್ತಾಗಲ್ಲ. ಆಮೇಲೆ ನೆನಪೂ ಇರಲ್ಲ."

ಹಾಗಾದರೆ ಕುಡಿಯುತ್ತಾನೆ! ಬಸ್ ಓಡಿಸುವ ಅಳಿಯ, ಬೆಣ್ಣೆಯಂಥ ಮಾತಿನವನು. ಅದಕ್ಕೇ ಮಗಳು ಬಟ್ಟೆಬರೆ ಕಟ್ಟಿಕೊಂಡು ಬಂದು ಇಲ್ಲೇ ಕೂತಿದ್ದಾಳೆ.

"ನಡಿ, ಸ್ಟೇಷನ್ನಿಗೆ ಹೋಗೋಣ. ಕಂಪ್ಲೇಂಟ್ ಕೊಡು."

"ಕೊಟ್ರೆ ಅವರನ್ನ ಕರ್ಕೊಂಡು ಹೋಗಿ ಎಲ್ಲಾದ್ರೂ ಕೂಡಿಹಾಕ್ತಾರೆ. ಗುರುತು ಪರಿಚಯ ಇಲ್ಲದವರ ಮಧ್ಯೆ ಅವರು ಬದುಕಲ್ಲಪ್ಪ."

"ಸಾಯ್ಲಿ!"

"ಹಾಗನ್ಬೇಡ," ಎಂದವಳ ಕಣ್ಣು ತುಂಬಿತು. ಒಳಗೆ ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಕೈ ನಿಂತಿತು.

ಇಬ್ಬರೂ ಹೆದರಿ ಹೋಗಿದ್ದಾರೆ, ಅದು ಅವನಿಗೆ ಎಂದೋ ಗೊತ್ತಾಗಿತ್ತು. ಚಾಕು, ಕತ್ತರಿ ಕಣ್ಣಿಗೆ ಬೀಳುತ್ತಿರಲಿಲ್ಲ. ಬೀದಿ ಬಾಗಿಲಿಗೆ ಕೈಗೆಟುಕದ ಎತ್ತರದಲ್ಲಿ ಹೊಸ ಚಿಲಕ ಬಂದಿತ್ತು. ಅಳಿಯ ನುಗ್ಗಬಾರದೆಂದು ಇರಬೇಕು. ಅದನ್ನು ಕೂರಿಸಿಕೊಟ್ಟವನೂ ಅಳಿಯನೇ ಎನ್ನುವುದು ಮಾತ್ರ ವಿಚಿತ್ರ. ಎಲ್ಲ ಅವನ ನಾಟಕ ಎಂದುಕೊಂಡ.

ಬಾಯಿ ಬಿಡದಿದ್ದರೆ ಬೇಡ, ಸಾಕ್ಷಿ ತನ್ನ ಹತ್ತಿರವೇ ಇತ್ತು. ಮುಂಗೋಣೆಯ ಕಪಾಟಿನ ತುಂಬ ಗಿರಾಕಿಗಳ ಹಲ್ಲಿನ ಅಚ್ಚುಗಳು. ಅಳಿಯನ ಮುಂದಿನ ಹಲ್ಲು ಮುರಿದಾಗ ತೆಗೆದ ಅಚ್ಚೂ ಅಲ್ಲಿತ್ತು. ಅದನ್ನು ಹುಡುಕಿ ಮೇಣದ ಮೇಲೆ ಒತ್ತಿ, ಮೂಡಿದ ಸಾಲನ್ನು ಮಗಳ ಕೈಯ ಪಕ್ಕ ಹಿಡಿದ.

ಹೊಂದಲಿಲ್ಲ. ಅಳಿಯನ ಹಲ್ಲು ನೇರ. ಗಾಯದಲ್ಲಿ ಬಲಗಡೆಯ ಕೋರೆಹಲ್ಲು ಒಳಕ್ಕೆ ತಿರುಗಿತ್ತು.

ಅವನು ಮೇಣವನ್ನು ಕೆಳಗಿಟ್ಟ. ಅಳಿಯನಲ್ಲದಿದ್ದರೆ ಮತ್ತೆ ಯಾರು? ಈ ಹಲ್ಲು ಅವನಿಗೆ ಗೊತ್ತಿತ್ತು. ತಾನೇ ಹಾಗೆ ತಿರುಚಿ ಕೂರಿಸಿದ್ದು, ಬೆರಳುಗಳಿಗೆ ನೆನಪಿತ್ತು. ಎಲ್ಲರೂ ನೇರ ಹಲ್ಲು ಕೇಳುತ್ತಾರೆ, ಸೊಟ್ಟಗೆ ಯಾರು ಕೇಳುತ್ತಾರೆ?

"ಒಂದು ಮಗು ಇತ್ತು," ಎಂದ ತಡವರಿಸುತ್ತಾ. "ಅಪ್ಪನ ಹೊಸ ಹಲ್ಲು ನೋಡಿ, ನೀನು ನಮ್ಮಪ್ಪ ಅಲ್ಲ ಅಂತ ರಚ್ಚೆ ಹಿಡಿದು ಅತ್ತಿತ್ತು. ಅದಕ್ಕೋಸ್ಕರ ಹಳೇ ಹಲ್ಲು ಇದ್ದ ಹಾಗೇ ಮತ್ತೆ ಮಾಡಿದ್ದೆ. ಆಮೇಲೆ ಆ ಗಿರಾಕಿಯ ಎಲ್ಲಾ ಸೆಟ್ಟಲ್ಲೂ ಹಾಗೇ." ಗಿರಾಕಿಯ ಮುಖ ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. ಇತ್ತೀಚೆಗೆ ಮುಖಗಳು ಹೀಗೆ ಕೈಕೊಡುತ್ತಿದ್ದವು. "ಆ ಮಗುವನ್ನ ಹುಡುಕಿದ್ರೆ ಅವನು ಸಿಕ್ತಾನೆ. ಪೊಲೀಸರು ಹುಡುಕ್ತಾರೆ!"

"ಆ ಮಗು ಹೇಳಲ್ಲಪ್ಪ," ಎಂದು ಮಗಳು ಮುಖ ತಿರುಗಿಸಿದಳು.

ಅವನು ಬಾಗಿಲಿಗೆ ಓಡಿದ. ಚಿಲಕ ಎಟುಕಲಿಲ್ಲ. ಹಾರಿದ, ಬಡಿದ, ಬೈದ. ತನ್ನ ಮಗಳನ್ನು ಯಾರೋ ಕಚ್ಚಿದ್ದಾರೆ, ತಾನು ಈ ಬಾಗಿಲನ್ನೂ ತೆಗೆಯಲಾರದೆ ನಿಂತಿದ್ದೇನೆ! ಅಳು ಒತ್ತರಿಸಿ ಬಂತು.

ಹೆಂಡತಿ ಬಟ್ಟಲು ಹಿಡಿದುಕೊಂಡು ಬಂದಳು. ವಸಡು ಹುಣ್ಣಾಗುತ್ತದೆ ಎಂದು ಊಟವಾದ ಕೂಡಲೇ ಅವನ ಸೆಟ್ಟನ್ನು ಬಿಚ್ಚಿಸಿ ನೀರಲ್ಲಿಡುವುದು ಅವಳ ಹೊಸ ಪದ್ಧತಿ.

"ಬೊಚ್ಚುಬಾಯಲ್ಲಿ ಸ್ಟೇಷನ್ನಿಗೆ ಹೋಗ್ತೀರಾ? ನೀವು ಹೇಳೋದು ಯಾರಿಗೆ ಅರ್ಥವಾಗುತ್ತೆ? ಹಾಕ್ಕೊಳ್ಳಿ."

"ಅಮ್ಮಾ, ಬೇಡ," ಮಗಳು ಅಡ್ಡ ಬಂದಳು.

"ಬಿಡು. ನಂಗೂ ಸಾಕಾಗಿದೆ."

ಯಾವ ಸೆಟ್ಟನ್ನೇ ಆಗಲಿ, ಗಿರಾಕಿಯ ಬಾಯಿಗೆ ಹೋಗುವ ಮುಂಚೆ ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡುವುದು ಅವನ ಅಭ್ಯಾಸ. ನೀರಿನಿಂದ ತೆಗೆದದ್ದನ್ನು ಈಗಲೂ ಸವರಿದ. ಬಲಗಡೆ ಬೆರಳು ನಿಂತಿತು.

ಕೋರೆಹಲ್ಲು ಒಳಕ್ಕೆ ತಿರುಗಿತ್ತು.

ಅವನು ಸೆಟ್ಟನ್ನು ಬಟ್ಟಲಿಗೆ ಹಾಕಿ ಮಗಳ ಕೈಗೆ ಕೊಟ್ಟ. "ಎಲ್ಲಾದ್ರೂ ಬಚ್ಚಿಡಮ್ಮ," ಎಂದ. "ನಾಳೆ ನಾನು ಎಷ್ಟೇ ಬೈದ್ರೂ ಕೊಡ್ಬೇಡ."