ತೆಗೆದರೆ ತೆಗೆದಂತೆಯೇ

ಫೋಟೋ ತೆಗೆದರೆ ತೆಗೆದಂತೆಯೇ. ಆ ಹೊತ್ತಿಗೆ ಏನು ಮಾಡುತ್ತಿರುತ್ತೀರೋ ಅದು ನಿಮಗೆ ಮತ್ತೆ ಬರುವುದಿಲ್ಲ. ಇಡೀ ಗದಗಕ್ಕೆ ಇದು ಗೊತ್ತು. ಪಕ್ಕದ ಮನೆಯ ಕಾಶವ್ವ ರೊಟ್ಟಿ ಬಡಿಯುವಾಗ ಯಾರೋ ತೆಗೆದರು. ಆ ಚಿತ್ರ ಈಗ ಯಾವುದೋ ದೇಶದ ಗೋಡೆಯ ಮೇಲಿದೆ. ಕಾಶವ್ವ ಹಿಟ್ಟು ಮುಂದಿಟ್ಟುಕೊಂಡು ತನ್ನ ಕೈ ನೋಡಿಕೊಳ್ಳುತ್ತಾಳೆ.

ಇವತ್ತು ಇನ್ನೊಬ್ಬ ಫೋಟೋದವ ವಕ್ಕರಿಸಿದ. ಲೋಕವೆಲ್ಲ ಸುತ್ತಿ ಸಾಮಾನ್ಯ ಜನರ ದಿನನಿತ್ಯದ ಬದುಕು ತೆಗೆಯುತ್ತಾನಂತೆ. ಸಾಮಾನ್ಯ ಜನ ಅಂದರೆ ನಾವು. ಬೂಟು ಕಳಚದೆ ನನ್ನ ಖಾನಾವಳಿಯ ಒಲೆಯ ತನಕ ಬಂದ. ನಾನು ಹಿಟ್ಟು ಮುಚ್ಚಿಟ್ಟೆ.

"ರೊಟ್ಟಿ ಬಡೀಬೇಕಂತ," ಅಂದ ಅವನ ದುಭಾಷಿ ಶೇಖಪ್ಪ.

"ಬಡಿಯೂದಿಲ್ಲ. ಅದರ ಮ್ಯಾಲೆ ನನ್ನ ಮನಿ ನಡದೈತಿ."

"ಹಂಗಾದ್ರ ಸುಮ್ನ ಕುಂದರಬೇಕಂತ."

"ಕುಂದ್ರೂದು ಹೋದ್ರ ನಿಂತಕೊಂಡ ಸಾಯ್ಲೇನು?"

"ನಗ್ರಿ, ಸಾಕು. ದಿನಾ ನಗ್ತೀರಲ್ಲ, ಹಂಗ."

ಸಾರಿನಲ್ಲಿ ಕೊಂಕು ತೆಗೆಯುವ ಸಾಹೇಬರಿಗೆ, "ಎಷ್ಟು ಮುಗ್ಧರಪ್ಪಾ ನೀವು" ಅನ್ನುವ ಪ್ರವಾಸಿಗಳಿಗೆ ಅಂತ ನಾನೊಂದು ನಗು ಇಟ್ಟಿದ್ದೆ. ಹಲ್ಲು ಪೂರ್ತಿ ಕಾಣುತ್ತದೆ, ಕಣ್ಣಿನ ತನಕ ಹೋಗುವುದಿಲ್ಲ. ಅದನ್ನೇ ನಕ್ಕೆ. ಕ್ಲಿಕ್ ಅಂತು.

ಅವನಿಗೆ ಖುಷಿಯೋ ಖುಷಿ. ಚಿತ್ರ ತೋರಿಸಲು ಕ್ಯಾಮೆರಾವನ್ನು ನನ್ನ ಮೂಗಿಗೇ ಹಿಡಿದ.

"ಭಾಳ ಸಹಜ ಬಂದೈತಂತ," ಅಂದ ಶೇಖಪ್ಪ. "ಇನ್ನೊಂದ ಸಲ ನಗಬೇಕಂತ."

ನಗಲು ನೋಡಿದೆ. ಬರಲಿಲ್ಲ. ಇಷ್ಟು ವರ್ಷ ಆ ನಗುವಿನ ಹಿಂದೆ ಇದ್ದ ಮುಖದಲ್ಲೇ ಅವನನ್ನು ನೋಡಿದೆ.

ಅದಕ್ಕೆ ಶೇಖಪ್ಪನ ಅನುವಾದ ಬೇಕಾಗಲಿಲ್ಲ. ಫೋಟೋದವ ತನ್ನ ಬೂಟು ನೋಡಿಕೊಂಡು ಹೊಸ್ತಿಲಾಚೆಗೆ ಇಳಿದ.